ಹೊಸ ಎಕ್ಸೆಲ್‌ನಲ್ಲಿ ಎರಡು ಲೆಕ್ಕದ ಪುಸ್ತಕಗಳನ್ನು ಜೊತೆಗಿಟ್ಟು ನೋಡುವ ಕ್ರಮ

ಸದಸ್ಯ ಬಾಂಧವರಲ್ಲಿ ಹಲವರು ಹಳೆಯ ಕಂಪ್ಯೂಟರನ್ನು ಬದಲಾಯಿಸಿದಾಗ ಅದರೊಡನೆ ಎಕ್ಸೆಲ್ ಸಹ ಹೊಸದಾಗಿ ಬಂದಿದೆ. 2010ರ ಆವೃತ್ತಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸುರಕ್ಷತಾ ಪರಿಷ್ಕರಣೆಗಳು 2020ರ ಅಕ್ಟೋಬರ್‌ನಲ್ಲಿ ನಿಂತಿರುವುದರಿಂದ ಇದು ಆಗಲೇಬೇಕಾದ ಬದಲಾವಣೆ. ಆದರೆ ಬಟವಾಡೆಯ ದಿನ ಹಾಜರಿ ಪುಸ್ತಕವನ್ನು ತೆರೆದು, ಅನಂತರ ಮುಂಗಡದ ಪುಸ್ತಕವನ್ನು ತೆರೆದೊಡನೆ ಮೊದಲಿನದು ಕಾಣೆಯಾಯಿತೆಂದು ಗಾಬರಿಯಾಗುವವರಿದ್ದಾರೆ. ಅದು ಕಾಣೆಯಾಗಿಲ್ಲ, ಎರಡನೆಯದರ ಹಿಂದೆ ಇದೆ.

2010ರವರೆಗಿನ ಎಕ್ಸೆಲ್‌ನಲ್ಲಿ ಹೊರಗೊಂದು ದೊಡ್ಡ ಕಿಟಕಿ ಇದ್ದು, ತೆರೆದ ಪುಸ್ತಕಗಳೆಲ್ಲ ಅದರೊಳಗೆ ಇರುತ್ತಿದ್ದವು. ಒಂದೇ ಮೇಜಿನ ಮೇಲೆ ನಾಲ್ಕು ಖಾತೆ ಪುಸ್ತಕ ಹರಡಿಕೊಂಡಂತೆ. 2013ರ ಆವೃತ್ತಿಯಿಂದ ಪ್ರತಿಯೊಂದು ಪುಸ್ತಕಕ್ಕೂ ಅದರದೇ ಕಿಟಕಿ, ಮೇಲ್ಗಡೆ ಅದರದೇ ಆಜ್ಞೆಗಳ ಪಟ್ಟಿ. ಇದರಿಂದ ಜಾಗ ಕಡಿಮೆಯಾಗುವುದು ನಿಜ. ಕಂಟ್ರೋಲ್ ಮತ್ತು ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಪಟ್ಟಿ ಮಡಚಿಕೊಳ್ಳುತ್ತದೆ. ಪುನಃ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಅಡಗಿದ ಪುಸ್ತಕವನ್ನು ಮುಂದಕ್ಕೆ ತರಲು ಆಲ್ಟ್ ಮತ್ತು ಟ್ಯಾಬ್ ಸಾಕು.

ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಎರಡನ್ನೂ ತೆರೆದಿಟ್ಟು, 'ವ್ಯೂ' ಎಂಬಲ್ಲಿ 'ಅರೇಂಜ್ ಆಲ್' ಒತ್ತಿ, 'ವರ್ಟಿಕಲ್' ಎಂಬುದನ್ನು ಆರಿಸಿರಿ. ಅಕ್ಕಪಕ್ಕ ಬಂದು ನಿಲ್ಲುತ್ತವೆ. ಅಲ್ಲಿಯೇ 'ವ್ಯೂ ಸೈಡ್ ಬೈ ಸೈಡ್' ಎಂಬುದೂ ಇದೆ. ಇದನ್ನು ಒತ್ತಿದರೆ 'ಸಿಂಕ್ರನಸ್ ಸ್ಕ್ರೋಲಿಂಗ್' ತಾನಾಗಿ ಜಾರಿಗೆ ಬಂದು, ಒಂದು ಪುಸ್ತಕವನ್ನು ಕೆಳಗೆ ಸರಿಸಿದರೆ ಇನ್ನೊಂದೂ ಸರಿಯುತ್ತದೆ.

ಇಲ್ಲಿ ಎಚ್ಚರ ಬೇಕು. ಕಳೆದ ವರ್ಷ 12ನೇ ಸಾಲಿನಲ್ಲಿದ್ದ ಆಳು ಈ ವರ್ಷ 15ರಲ್ಲಿರಬಹುದು. ನಡುವೆ ಮೂವರು ಹೊಸಬರು ಸೇರಿದ್ದಾರೆ. ಯಂತ್ರ ಹೆಸರನ್ನು ನೋಡುವುದಿಲ್ಲ, ಸಾಲನ್ನು ಮಾತ್ರ ಸರಿಸುತ್ತದೆ. ಎದುರುಬದುರು ಕಂಡದ್ದೇ ಸರಿಯೆಂದು ತಿಳಿದು ಮುಂಗಡ ಮುರಿದರೆ, ಕಾಫಿ ಕೊಯ್ದವರೊಬ್ಬರು, ಸಾಲದ ಹಣ ಕಡಿತವಾಗುವುದು ಇನ್ನೊಬ್ಬರ ಕೂಲಿಯಲ್ಲಿ. ಕೂಲಿಯನ್ನು ಎಣಿಸಿ ಪಡೆದುಕೊಂಡು ಹೋಗುವವರಿಗೆ ಇದು ಸಣ್ಣ ಮಾತಲ್ಲ. ಪಟ್ಟಿಗಳ ಕ್ರಮ ಒಂದೇ ಇಲ್ಲದಿದ್ದರೆ ಈ ಜೋಡಿ ಸರಿತವನ್ನು ನಿಲ್ಲಿಸಿಬಿಡುವುದು ಲೇಸು. 'ಫ್ರೀಜ್ ಪೇನ್ಸ್' ಬಳಸಿ ಆಳಿನ ಹೆಸರಿನ ಅಂಕಣ ಸದಾ ಕಣ್ಣ ಮುಂದಿರುವಂತೆ ಮಾಡಿಕೊಳ್ಳಿರಿ.

ಇನ್ನೊಂದು ಗೊಂದಲ, ಎಲ್ಲ ಕಿಟಕಿಗಳೂ ನೋಡಲು ಒಂದೇ ತೆರ. ಹಿಂದಿನ ರೋಜು ಪುಸ್ತಕ, ಖಾತೆ ಪುಸ್ತಕಗಳಿಗೆ ರಟ್ಟಿನ ಬಣ್ಣ ಬೇರೆ ಬೇರೆ ಇದ್ದುದರಿಂದ ರೈಟರು ಹೆಸರು ಓದದೆಯೇ ಸರಿಯಾದುದನ್ನು ಎಳೆಯುತ್ತಿದ್ದರು. ಅದೇ ಉಪಾಯವನ್ನು ಇಲ್ಲಿಯೂ ಮಾಡಬಹುದು: ಮೊದಲ ಸಾಲಿಗೆ ವರ್ಷಕ್ಕೊಂದು ಬಣ್ಣ ಹಾಕಿರಿ. ಹೆಸರನ್ನೂ ಬರೇ 'ಹಾಜರಿ' ಎಂದಿಡದೆ '2024-25 ಹಾಜರಿ' ಎಂದು ವರ್ಷ ಸಹಿತ ಇಡಿರಿ. ಬೇರೆ ಬೇರೆ ಕಡೆ ಇಟ್ಟಿದ್ದರೂ ಒಂದೇ ಹೆಸರಿನ ಎರಡು ಪುಸ್ತಕಗಳನ್ನು ಎಕ್ಸೆಲ್ ಒಟ್ಟಿಗೆ ತೆರೆಯಲು ಒಪ್ಪುವುದಿಲ್ಲ.

ಒಂದೇ ಪುಸ್ತಕದ ಎರಡು ಹಾಳೆಗಳನ್ನು, ಉದಾಹರಣೆಗೆ ಗೊನೆ ಕೊಯ್ಲಿನ ಹಾಳೆಯನ್ನೂ ಬೋರ್ಡೋ ಸಿಂಪಡಣೆಯ ಖರ್ಚಿನ ಹಾಳೆಯನ್ನೂ ಜೊತೆಗೆ ನೋಡಲು 'ನ್ಯೂ ವಿಂಡೋ' ಇದೆ. ಹೆಸರಿನ ಜೊತೆ 1, 2 ಎಂಬ ಅಂಕಿ ಕಾಣಿಸುತ್ತದೆ. ಇವು ಎರಡು ಪ್ರತಿಗಳಲ್ಲ. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ಆಗುತ್ತದೆ. ಕೆಲಸ ಮುಗಿದ ಮೇಲೆ 2ನೆಯದನ್ನು ಮುಚ್ಚಿ, ಅನಂತರ ಉಳಿಸಿರಿ. ಇಲ್ಲವಾದರೆ ಮುಂದಿನ ಸಲ ಎರಡೂ ತೆರೆದುಕೊಳ್ಳುತ್ತವೆ.

ಹಳೆಯದರಲ್ಲಿ ಹೊರಗಿನ ಗುಣಾಕಾರ ಚಿಹ್ನೆ ಒತ್ತಿದರೆ ಎಲ್ಲವೂ ಮುಚ್ಚುತ್ತಿದ್ದವು. ಈಗ ಆ ಒಂದು ಪುಸ್ತಕ ಮಾತ್ರ ಮುಚ್ಚುತ್ತದೆ. ಆದುದರಿಂದ ಯಂತ್ರ ನಿಲ್ಲಿಸುವ ಮುನ್ನ ಹಿಂದೆ ಬೇರೇನಾದರೂ ಉಳಿದಿದೆಯೇ ನೋಡಿರಿ. ಕಿಟಕಿಗಳ ಜೋಡಣೆಯನ್ನೇ ಉಳಿಸಿಡುತ್ತಿದ್ದ 'ಸೇವ್ ವರ್ಕ್‌ಸ್ಪೇಸ್' ಎಂಬ ಸೌಲಭ್ಯವನ್ನು 2013ರಲ್ಲಿ ತೆಗೆದುಹಾಕಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದನ್ನು ತೆಗೆಯಬಾರದಿತ್ತು. ಈಗ ಪ್ರತಿ ಬಟವಾಡೆಗೂ ಪುಸ್ತಕಗಳನ್ನು ಹೊಸದಾಗಿ ಜೋಡಿಸಿಕೊಳ್ಳಬೇಕು.