ಎಲೆಯ ಮೇಲೆ ನಿಲ್ಲದ ಹನಿ: ಸಿಂಪರಣೆಯಲ್ಲಿ ಸಾಬೂನು ಮತ್ತು ಅಂಟಿನ ಉಪಯೋಗ



ಎಲೆಕೋಸಿಗೆ ಔಷಧಿ ಸಿಂಪಡಿಸುವಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಎಲೆಯ ಮೇಲೆ ಬಿದ್ದ ಹನಿಗಳು ಮುತ್ತಿನಂತೆ ದುಂಡಗಾಗಿ, ಗಾಳಿಗೆ ಎಲೆ ಸ್ವಲ್ಪ ಅಲುಗಿದರೂ ಉರುಳಿ ನೆಲಕ್ಕೆ ಬೀಳುತ್ತವೆ. ಹಾಗೆ ಬಿದ್ದದ್ದು ಬರೀ ನೀರಲ್ಲ, ನೀವು ಹಣ ಕೊಟ್ಟು ತಂದ ಔಷಧಿ. ಹುಳು ಸಾಯಲಿಲ್ಲವೆಂದು ಮುಂದಿನ ವಾರ ಔಷಧಿಯ ಪ್ರಮಾಣವನ್ನು ಹೆಚ್ಚಿಸುತ್ತೇವೆ. ಖರ್ಚು ಏರುತ್ತದೆ, ಹುಳು ಹಾಗೆಯೇ ಉಳಿಯುತ್ತದೆ. ಇಂಥ ಕಡೆ ಅನೇಕ ವೇಳೆ ತಪ್ಪು ಔಷಧಿಯದಲ್ಲ, ಹನಿಯದು.

ಹನಿ ದುಂಡಗಾಗುವುದೇಕೆ?

ನೀರಿನ ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಹನಿಯ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಗೂ ಸಮನಾಗಿ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಹೊರಗಡೆ ನೆರೆಯವರಿಲ್ಲ. ಆದುದರಿಂದ ಅದು ಒಳಕ್ಕೇ ಎಳೆಯಲ್ಪಡುತ್ತದೆ. ಹೀಗೆ ಹನಿಯ ಮೈ ಬಿಗಿದ ತೊಗಲಿನಂತಾಗುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುತ್ತಾರೆ. ಕೆರೆಯ ನೀರಿನ ಮೇಲೆ ಕೆಲವು ಕೀಟಗಳು ಮುಳುಗದೆ ಓಡಾಡುವುದು ಈ ಬಿಗುವಿನ ಬಲದಿಂದಲೇ.

ಎಲೆಕೋಸು, ಈರುಳ್ಳಿ, ಭತ್ತ, ಕೆಸು ಮುಂತಾದವುಗಳ ಎಲೆಯ ಮೇಲೆ ತೆಳುವಾದ ಮೇಣದ ಹೊದಿಕೆಯಿದೆ. ಮೇಣಕ್ಕೂ ನೀರಿಗೂ ಹೊಂದಿಕೆಯಿಲ್ಲ. ಆದುದರಿಂದ ಇಂಥ ಎಲೆಗಳ ಮೇಲೆ ಬರೀ ನೀರಿನ ಹನಿ ಹರಡುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಸಾಬೂನು ಮಾಡುವ ಕೆಲಸ

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ ಇದೆಯೆಂದು ಭಾವಿಸಿರಿ. ತಲೆಗೆ ನೀರು ಬೇಕು. ಬಾಲಕ್ಕೆ ನೀರು ಬೇಡ, ಎಣ್ಣೆ ಅಥವಾ ಮೇಣ ಬೇಕು. ಸಾಬೂನನ್ನು ನೀರಿಗೆ ಬೆರೆಸಿದಾಗ ಈ ಅಣುಗಳು ಮೇಲ್ಮೈಗೆ ಬಂದು ಸಾಲುಗಟ್ಟಿ, ಅಲ್ಲಿನ ಬಿಗುವನ್ನು ಸಡಿಲಿಸುತ್ತವೆ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ ಸುಮಾರು 72 ಡೈನ್. ಸಾಬೂನು ಬೆರೆತಾಗ ಅದು ಸುಮಾರು 25ರಿಂದ 30ಕ್ಕೆ ಇಳಿಯುತ್ತದೆ. ಆಗ ಹನಿ ಚಪ್ಪಟೆಯಾಗಿ ಎಲೆಯನ್ನು ಅಪ್ಪಿಕೊಳ್ಳುತ್ತದೆ. ಹೀಗೆ ಕೆಲಸ ಮಾಡುವ ವಸ್ತುಗಳಿಗೆಲ್ಲ ಮೇಲ್ಮೈ ಸಕ್ರಿಯ ವಸ್ತುಗಳು, ಅಂದರೆ ಸರ್ಫ್ಯಾಕ್ಟೆಂಟ್‌ಗಳು ಎಂದು ಹೆಸರು.

ಇವು ನಿಮಗೆ ಹೊಸತಲ್ಲ. ಸೀಗೆಕಾಯಿ, ಅಂಟುವಾಳಗಳು ನೊರೆ ಕೊಡುವುದು ಅವುಗಳಲ್ಲಿರುವ ಸಪೋನಿನ್ ಎಂಬ ಇಂಥದೇ ವಸ್ತುವಿನಿಂದ. ಎಣ್ಣೆಯ ಜಿಡ್ಡನ್ನು ಬಾಲಗಳು ಸುತ್ತುವರಿದು ಹಿಡಿಯುತ್ತವೆ, ತಲೆಗಳು ಅದನ್ನು ನೀರಿನೊಡನೆ ಕೊಂಡೊಯ್ಯುತ್ತವೆ. ತಲೆಯೂ ಪಾತ್ರೆಯೂ ಸ್ವಚ್ಛವಾಗುತ್ತವೆ. ನಮ್ಮ ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟಾಗ ಮುದುಡಿ ಅಂಟಿಕೊಳ್ಳದಂತೆ ಕಾಯುವುದೂ ಇಂಥ ವಸ್ತುವೇ. ದಿನ ತುಂಬದೆ ಹುಟ್ಟಿದ ಶಿಶುಗಳಲ್ಲಿ ಇದರ ಕೊರತೆಯಿಂದ ಉಸಿರಾಟ ಕಷ್ಟವಾಗುತ್ತದೆ. ಇದನ್ನೇ ಔಷಧಿಯಾಗಿ ಶ್ವಾಸಕೋಶಕ್ಕೆ ಕೊಟ್ಟು ಇಂಥ ಶಿಶುಗಳು ಚೇತರಿಸಿಕೊಂಡುದನ್ನು ಜಪಾನಿನ ವೈದ್ಯ ಫುಜಿವಾರಾ ಮತ್ತು ಸಂಗಡಿಗರು 1980ರಲ್ಲಿ ವರದಿ ಮಾಡಿದರು.

ಎಣ್ಣೆಯನ್ನು ನೀರಿನಲ್ಲಿ ಬೆರೆಸುವುದು

ಬೇವಿನ ಎಣ್ಣೆಯನ್ನು ಹಾಗೆಯೇ ನೀರಿಗೆ ಸುರಿದರೆ ಮೇಲೆ ತೇಲುತ್ತದೆ. ಆಗ ಒಂದು ಗಿಡಕ್ಕೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ ಬಿದ್ದು, ಎಣ್ಣೆ ಬಿದ್ದ ಗಿಡ ಸುಡುತ್ತದೆ. ಮೊದಲು ಸಾಬೂನನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಅದಕ್ಕೆ ಹಾಕಿ ಚೆನ್ನಾಗಿ ಕಡೆದು, ಹಾಲಿನಂತಾದ ಮೇಲೆ ಉಳಿದ ನೀರಿಗೆ ಸೇರಿಸಬೇಕು. ಸಿಂಪಡಿಸುವಾಗಲೂ ಆಗಾಗ್ಗೆ ಕಲಕುತ್ತಿರಬೇಕು. ಬೇವಿನ ಬೀಜದ ತಿರುಳಿನ ಶೇಕಡಾ 5ರ ಕಷಾಯಕ್ಕೆ 100 ಲೀಟರಿಗೆ 5 ಕಿ.ಗ್ರಾಂ. ತಿರುಳು, ಸುಮಾರು 200 ಗ್ರಾಂ ಸಾಬೂನಿನ ಪುಡಿ ಸಾಕು.

ಇ.ಸಿ. ಎಂದು ಗುರುತಿರುವ ಕೀಟನಾಶಕಗಳು ನೀರಿಗೆ ಬಿದ್ದೊಡನೆ ಬೆಳ್ಳಗಾಗುವುದನ್ನು ಕಂಡಿದ್ದೀರಿ. ಎಣ್ಣೆಯಂಥ ದ್ರವವನ್ನು ನೀರಿನಲ್ಲಿ ಹರಡುವ ವಸ್ತುವನ್ನು ಅವುಗಳಲ್ಲಿ ತಯಾರಕರೇ ಬೆರೆಸಿರುತ್ತಾರೆ. ಆದುದರಿಂದ ಚೀಟಿಯಲ್ಲಿ ಹೇಳಿರದ ಹೊರತು ಅಂಥವುಗಳಿಗೆ ಮತ್ತೆ ಸಾಬೂನು ಬೆರೆಸಕೂಡದು.

ಹರಡುವುದು ಬೇರೆ, ಅಂಟುವುದು ಬೇರೆ

ಸಾಬೂನು ಹನಿಯನ್ನು ಹರಡುತ್ತದೆ. ಆದರೆ ಜೋರು ಮಳೆ ಬಂದರೆ ತಾನೂ ತೊಳೆದುಹೋಗುತ್ತದೆ. ಮಳೆನಾಡಿನ ಅಡಿಕೆ ಬೆಳೆಗಾರರ ಕಷ್ಟ ಇದೇ. ಕೊಳೆರೋಗ ಬರುವುದು ಮಳೆಗಾಲದಲ್ಲಿ, ಔಷಧಿ ಗೊನೆಯ ಮೇಲೆ ನಿಲ್ಲಬೇಕಾದುದೂ ಮಳೆಗಾಲದಲ್ಲಿಯೇ. ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕುರಿತು 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪರಣೆ ಇಂದಿಗೂ ಇದರ ಮುಖ್ಯ ಹತೋಟಿ ಕ್ರಮವಾಗಿದೆ.

ಶೇಕಡಾ 1ರ ಬೋರ್ಡೋಗೆ 100 ಲೀಟರಿಗೆ 1 ಕಿ.ಗ್ರಾಂ. ಮೈಲುತುತ್ತ, 1 ಕಿ.ಗ್ರಾಂ. ಸುಣ್ಣ ಬೇಕು. ಹೆಚ್ಚು ಮಳೆ ಬೀಳುವ ಕಡೆ ಇದಕ್ಕೆ ರಾಳದ ಅಂಟನ್ನು ಸೇರಿಸುವ ರೂಢಿಯಿದೆ. 10 ಲೀಟರ್ ನೀರನ್ನು ಕುದಿಸಿ, ಅದರಲ್ಲಿ 500 ಗ್ರಾಂ ಬಟ್ಟೆ ಸೋಡಾ ಕರಗಿಸಿ, 1 ಕಿ.ಗ್ರಾಂ. ರಾಳದ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಕಲಕಿರಿ. ರಾಳ ಪೂರ್ತಿ ಕರಗಿ ಬಣ್ಣ ಕಪ್ಪಾದ ಮೇಲೆ ಆರಿಸಿ, 90 ಲೀಟರ್ ನೀರಿನಲ್ಲಿ ತಯಾರಿಸಿದ ಬೋರ್ಡೋಗೆ ಸೇರಿಸಿರಿ. ರಾಳ ಮತ್ತು ಸೋಡಾ ಸೇರಿ ಆಗುವುದೂ ಒಂದು ಬಗೆಯ ಸಾಬೂನೇ. ಆದರೆ ಸುಣ್ಣ, ತಾಮ್ರಗಳೊಡನೆ ಬೆರೆತಾಗ ಇದು ನೀರಿನಲ್ಲಿ ಕರಗದ ಅಂಟಾಗಿ ಕಾಯಿಯನ್ನು ಹಿಡಿದುಕೊಳ್ಳುತ್ತದೆ. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಆಗಬೇಕು.

ಗಡಸು ನೀರಿನ ತೊಂದರೆ

ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಸಾಬೂನನ್ನು ಒಡೆದ ಹಾಲಿನಂತೆ ಗಟ್ಟಿಗಟ್ಟಿಸುತ್ತದೆ. ಆಗ ಹನಿ ಹರಡುವುದಿಲ್ಲ. ಮೇಲಾಗಿ ನಳಿಕೆಯೂ ಕಟ್ಟಿಕೊಳ್ಳುತ್ತದೆ. ಪರೀಕ್ಷಿಸುವುದು ಸುಲಭ. ಒಂದು ಸೀಸೆಯಲ್ಲಿ ಅರ್ಧ ನೀರು ತುಂಬಿ, ಬಾರ್ ಸಾಬೂನಿನ ಚೂರು ಹಾಕಿ ಕುಲುಕಿರಿ. ನೊರೆ ಬಾರದೆ ಬಿಳಿಯ ಗಷ್ಟು ತೇಲಿದರೆ ನೀರು ಗಡಸು. ಅಂಥ ಕಡೆ ಸಂಗ್ರಹಿಸಿದ ಮಳೆ ನೀರನ್ನು ಬಳಸಿರಿ, ಇಲ್ಲವೆ ಸಿಂಪರಣೆಗೆಂದೇ ಮಾರುವ ಹರಡುವ ದ್ರಾವಣವನ್ನು ಚೀಟಿಯಲ್ಲಿರುವ ಪ್ರಮಾಣದಲ್ಲಿ ಬೆರೆಸಿರಿ.

ಎಷ್ಟು ಬೆರೆಸಬೇಕು?

ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂಬುದು ಇಲ್ಲಿ ಸಲ್ಲದು. ಮಿತಿ ಮೀರಿದರೆ ಹನಿ ತೀರ ತೆಳುವಾಗಿ ಎಲೆಯ ತುದಿಯಿಂದ ಸೋರಿಹೋಗುತ್ತದೆ. ಎಲೆಯ ಮೇಣವೂ ಹಾಳಾಗಿ ಅಂಚು ಸುಡುತ್ತದೆ. ಆದುದರಿಂದ ಮೊದಲು ಒಂದು ಎಲೆಯ ಮೇಲೆ ಹನಿ ಬಿಟ್ಟು ನೋಡಿರಿ. ದುಂಡಗೆ ಉರುಳಿದರೆ ಹರಡುವ ವಸ್ತು ಸಾಲದು. ಹರಡಿ ಅಲ್ಲಿಯೇ ನಿಂತರೆ ಸರಿ. ಹರಿದು ಸೋರಿದರೆ ಹೆಚ್ಚಾಯಿತು. ಆಮೇಲೆ ನಾಲ್ಕೈದು ಗಿಡಗಳಿಗೆ ಸಿಂಪಡಿಸಿ, ಎರಡು ದಿನ ಕಾದು, ಎಲೆ ಸುಡದಿದ್ದರೆ ಮಾತ್ರ ಹೊಲಕ್ಕೆಲ್ಲ ಸಿಂಪಡಿಸಿರಿ. ಬಿರುಬಿಸಿಲಿನಲ್ಲಿ ಸಿಂಪಡಿಸಬೇಡಿರಿ. ಸಂಜೆಯ ಹೊತ್ತು ಮೇಲು; ಜೇನುನೊಣಗಳೂ ಆಗ ಗೂಡು ಸೇರಿರುತ್ತವೆ.

ಮರೆಯಬಾರದ ಮಾತು

ಔಷಧಿಯನ್ನು ಎಲೆಯೊಳಕ್ಕೆ ಇಳಿಸುವ ಈ ಗುಣವೇ ಅದನ್ನು ನಿಮ್ಮ ಚರ್ಮದೊಳಕ್ಕೂ ಇಳಿಸಬಲ್ಲದು. ಬರಿಗೈಯಿಂದ ದ್ರಾವಣ ಕಲಕಕೂಡದು. ಕೈಗವಸು, ಮೈತುಂಬ ಬಟ್ಟೆ, ಮುಖಕ್ಕೆ ರಕ್ಷಣೆ ಇರಲಿ. ಮೈಮೇಲೆ ಚೆಲ್ಲಿದರೆ ಕೂಡಲೇ ಬಟ್ಟೆ ಕಳಚಿ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಸಿಂಪರಣೆಯ ಬಟ್ಟೆಗಳನ್ನು ಮನೆಯ ಬಟ್ಟೆಗಳೊಡನೆ ಒಗೆಯಬೇಡಿರಿ. ಕೆಲವು ಕಳೆನಾಶಕಗಳಲ್ಲಿ ಬೆರೆಸುವ ಸರ್ಫ್ಯಾಕ್ಟೆಂಟ್ ಮೀನು, ಕಪ್ಪೆಗಳಿಗೆ ವಿಷ. ಆದುದರಿಂದ ಸಿಂಪರಣಾ ಯಂತ್ರವನ್ನು ಕೆರೆ, ಹಳ್ಳ, ದನ ನೀರು ಕುಡಿಯುವ ತೊಟ್ಟಿಗಳಲ್ಲಿ ತೊಳೆಯಲೇಕೂಡದು.

ಮುಂದಿನ ಬಾರಿ ಹುಳು ಸಾಯಲಿಲ್ಲವೆಂದು ಔಷಧಿಯ ಅಳತೆ ಹೆಚ್ಚಿಸುವ ಮೊದಲು, ಒಂದು ಎಲೆಯನ್ನು ಕಿತ್ತು ಅದರ ಮೇಲೆ ಒಂದು ಹನಿ ಬಿಟ್ಟು ನೋಡಿರಿ. ಅದು ಉರುಳುತ್ತದೆಯೋ, ನಿಲ್ಲುತ್ತದೆಯೋ? ಇಷ್ಟು ನೋಡುವುದಕ್ಕೆ ಒಂದು ನಿಮಿಷ ಸಾಕು, ಕಾಸು ಖರ್ಚಿಲ್ಲ.