ಹಳೇ ಯು-ಬೋಲ್ಟ್ ಆಸೆ ಬಿಡಿ

ತೋಟದ ಜೀಪು ನಿಂತಲ್ಲೇ ಒಂದು ಕಡೆಗೆ ವಾಲಿದೆಯೇ? ಲೀಫ್ ಸ್ಪ್ರಿಂಗ್ ಸೋತಿರಬಹುದು. ಬದಲಿಸುವುದಾದರೆ ಎಡ-ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿಯಡಿಗೆ ನುಸುಳಬೇಡಿ.

ನಾಲ್ಕು ಕಾಸು ಉಳಿಸಲು ಹೋಗಿ ಹಳೇ ಯು-ಬೋಲ್ಟ್ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ, ಮರಳಿ ಅದೇ ಹಿಡಿತ ಕೊಡದು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿಕೊಂಡು, ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ರಬ್ಬರ್ ಬುಷ್ ಇದ್ದರೆ ಶಾಕಲ್ ಬೋಲ್ಟಿನ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ಬಳಿಕವೇ ಆಗಲಿ. ಇಲ್ಲವಾದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೊಸ ಪ್ಲೇಟುಗಳು ಓಡುತ್ತಾ ಅದುಮಿ ಕೂರುವುದರಿಂದ, ನೂರಿನ್ನೂರು ಕಿ.ಮೀ. ಆದಮೇಲೆ ಯು-ಬೋಲ್ಟ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಲು ಮರೆಯಬೇಡಿ.