ಕಬ್ಬಿಣಯುಕ್ತ ಅತಿವಾಹಕಗಳ ಶಕ್ತಿ ಅಂತರ
ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಗೂಡಿರುತ್ತವೆ; ಒಂದು ಜೋಡಿಯನ್ನು ಒಡೆಯಲು ಶಕ್ತಿ ಅಂತರದ ಎರಡರಷ್ಟು ಶಕ್ತಿ ಬೇಕು. ಈ ಅಂತರವನ್ನು ಅಳೆಯಲು ಮಾದರಿಯ ಮೇಲೆ ದೂರದ ಅವಕೆಂಪು ಬೆಳಕು ಹಾಯಿಸಿ ಪ್ರತಿಫಲನವನ್ನು ದಾಖಲಿಸುತ್ತಾರೆ. ಫೋಟಾನಿನ ಶಕ್ತಿ ಜೋಡಿ ಒಡೆಯುವ ಮಿತಿಗಿಂತ ಕಡಿಮೆಯಿದ್ದರೆ ಅತಿಶೀತದಲ್ಲಿ ಬೆಳಕು ಬಹುತೇಕ ಪೂರ್ಣ ಪ್ರತಿಫಲಿಸುತ್ತದೆ. ಮಿತಿ ದಾಟಿದೊಡನೆ ಹೀರಿಕೆ ಶುರು. 2008ರಲ್ಲಿ ಜಪಾನಿನ ಹಿಡಿಯೊ ಹೊಸೊನೊ ತಂಡ 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಕಬ್ಬಿಣ-ಆರ್ಸೆನಿಕ್ ಸಂಯುಕ್ತವನ್ನು ವರದಿ ಮಾಡಿತು. ಅತಿವಾಹಕತೆಯನ್ನು ವಿವರಿಸುವ 1957ರ ಬಿಸಿಎಸ್ ಸಿದ್ಧಾಂತದ ಲೆಕ್ಕದಲ್ಲಿ ಇದರ ಮಿತಿ ಸುಮಾರು 8 ಮಿಲಿ ಎಲೆಕ್ಟ್ರಾನ್ ವೋಲ್ಟ್. ವಾಸ್ತವ ಇಷ್ಟು ಸರಳವಲ್ಲ: ಈ ವರ್ಗದಲ್ಲಿ ಹಲವು ಎಲೆಕ್ಟ್ರಾನ್ ಪಟ್ಟಿಗಳಿದ್ದು, ಒಂದಕ್ಕಿಂತ ಹೆಚ್ಚು ಅಂತರಗಳು ಕಾಣುತ್ತವೆ. ಕಬ್ಬಿಣರಹಿತ ಅತಿವಾಹಕಗಳ ಸಂಶೋಧನೆಗೆ ಮುಂಬೈ ನಂಟೂ ಇದೆ: ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1994ರಲ್ಲಿ ನಿಕಲ್ ಬೋರೋಕಾರ್ಬೈಡ್‌ನಲ್ಲಿ ಸುಮಾರು 12 ಕೆಲ್ವಿನ್‌ನಲ್ಲೂ, ನಂತರ ಬಿಸ್ಮತ್‌ನಲ್ಲಿ 0.53 ಮಿಲಿಕೆಲ್ವಿನ್‌ನಲ್ಲೂ ಅತಿವಾಹಕತೆಯನ್ನು ಗುರುತಿಸಿತು.